ಹೊಸ ಬ್ರೇಕ್ ಪ್ಯಾಡ್ ಡಬ್ಬಿ ಬಿಚ್ಚಿದ್ರೆ ಒಂದರ ಅಂಚಲ್ಲಿ ಸಂದು ಕಾಣ್ತಿದೆ, ಹಾಕ್ಬೋದಾ?

ಕಾಫಿನಾಡು_ಚಕ್ರ (ಚಿಕ್ಕಮಗಳೂರು), ಗುರುವಾರ ರಾತ್ರಿ

ನಮಸ್ಕಾರ ಎಲ್ರಿಗೂ. ಗಾಡಿ ಎಂಟು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕು, 92 ಸಾವಿರ ಓಡಿದೆ. ಮುಂದಿನ ಪ್ಯಾಡ್ ಸವೆದು ತಗಡು ಕೂಗೋಕೆ ಶುರುವಾಗಿತ್ತು, ಡಿಸ್ಕ್ ಅಂಚಲ್ಲೂ ಉಗುರು ಸಿಕ್ಕಾಕೊಳ್ಳೋಷ್ಟು ಏಣು ಎದ್ದಿತ್ತು, ಅದಕ್ಕೆ ಎರಡೂ ಒಟ್ಟಿಗೇ ಬದಲಾಯ್ಸೋಣ ಅಂತ ಹೊಸ ಸೆಟ್ ತಂದೆ. ಭಾನುವಾರ ನಾನೇ ಹಾಕೋದು ಅಂತ ಇದ್ದೆ. ಇವತ್ತು ಊಟ ಆದ್ಮೇಲೆ ಡಬ್ಬಿ ಬಿಚ್ಚಿ ನಾಲ್ಕೂ ಪ್ಯಾಡ್ ಪೇಪರ್ ಮೇಲೆ ಇಟ್ಕೊಂಡು ನೋಡ್ತಾ ಇದ್ದೆ, ಮೂರು ಸರಿ ಇದೆ, ನಾಲ್ಕನೇದ್ರಲ್ಲಿ ಕಬ್ಬಿಣದ ಪ್ಲೇಟಿಗೂ ಅದ್ರ ಮೇಲೆ ಕೂತಿರೋ ಲೈನಿಂಗ್‌ಗೂ (ಡಿಸ್ಕಿಗೆ ಉಜ್ಜೋ ಭಾಗ) ಮಧ್ಯೆ ಒಂದು ಮೂಲೇಲಿ ಕೂದಲೆಳೆ ಥರ ಗೆರೆ ಕಾಣ್ತಿದೆ. ಬೆಳಕಿಗೆ ಹಿಡಿದ್ರೆ ಕಪ್ಪಗೆ ಸಂದು ಥರಾನೇ ಇದೆ.

ಅಂಗಡಿಗೆ ಫೋನ್ ಮಾಡಿದೆ. ‘ಸಾರ್ ಅದು ಎಲ್ಲಾ ಪ್ಯಾಡಲ್ಲೂ ಹಂಗೇ ಇರುತ್ತೆ, ಹಾಕಿ ನಾಲ್ಕು ಸಲ ಬ್ರೇಕ್ ಹೊಡೀರಿ ಕೂತ್ಕೊಳ್ಳುತ್ತೆ’ ಅಂದ್ರು. ನನಗ್ಯಾಕೋ ಮನಸ್ಸು ಒಪ್ತಿಲ್ಲ. ಹೆಂಡ್ತಿ ತವರು ಬೆಳ್ತಂಗಡಿ ಹತ್ರ, ತಿಂಗಳಿಗೆ ಎರಡು ಸಲ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳೀತೀವಿ, ಮಳೆಗಾಲ ಬಂತು ಅಂದ್ರೆ ಅಲ್ಲಿ ಮಂಜು, ನೀರು, ಎದುರುಗಡೆ ಬಸ್ಸು ಎಲ್ಲ ಒಟ್ಟಿಗೇ ಬರುತ್ತೆ. ಹಿಂದಿನ ಸೀಟಲ್ಲಿ ಮಕ್ಕಳಿರ್ತಾರೆ. ಹಾಕೋ ಮುಂಚೆ ಇನ್ನೇನೇನು ನೋಡ್ಬೇಕು ಅಂತ ತಿಳಿದೋರು ಬಿಡಿಸಿ ಹೇಳಿ.

ಜೇಸಿರೋಡ್_ಗಿರಾಕಿ (ಬೆಂಗಳೂರು)

ಬ್ರೋ ಗಾಬರಿ ಆಗ್ಬೇಡಿ, ಗೆರೆ ಕಂಡ ತಕ್ಷಣ ಅದು ಬಿರುಕು ಅಂತ ಅಲ್ಲ. ಪ್ಲೇಟಿಗೂ ಲೈನಿಂಗ್‌ಗೂ ಮಧ್ಯೆ ಎರಡು ಮೂರು ಎಂಎಂ ದಪ್ಪದ ಇನ್ನೊಂದು ಪದರ ಹಾಕಿರ್ತಾರೆ, ಅಂಟು ಗಟ್ಟಿ ಹಿಡೀಲಿ, ಶಾಖ ಹಿಂದಕ್ಕೆ ಕಮ್ಮಿ ಹೋಗ್ಲಿ ಅಂತ. ಅದ್ರ ಬಣ್ಣ ಬೇರೆ ಇರುತ್ತೆ, ಅಡ್ಡ ನೋಡಿದ್ರೆ ಪಟ್ಟಿ ಥರ ಕಾಣುತ್ತೆ. ಅಂಗಡಿಯವ್ರು ಅದನ್ನೇ ಹೇಳಿರ್ಬೋದು. ಇಪ್ಪತ್ತು ವರ್ಷದಿಂದ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಸಾಮಾನು ತಗೋತಿದೀನಿ, ಡಬ್ಬಿಯಿಂದ ತೆಗ್ದು ನೇರ ಹಾಕ್ಸಿದೀನಿ, ಏನೂ ಆಗಿಲ್ಲ. ಸುಮ್ನೆ ಪ್ರತಿಯೊಂದಕ್ಕೂ ವರ್ನಿಯರ್ ಹಿಡ್ಕೊಂಡು ಕೂತ್ರೆ ಒಂದು ದಿನದ ಕೆಲಸ ಒಂದು ವಾರ ಆಗುತ್ತೆ.

ಸ್ಪ್ಯಾನರ್_14 (ಶಿವಮೊಗ್ಗ)

ಮೇಲಿನವ್ರು ಹೇಳಿದ ಪದರದ ಮಾತು ಸರಿ, ಆದ್ರೆ ಅಲ್ಲಿಗೇ ಬಿಟ್ಬಿಟ್ರೆ ಆಗಲ್ಲ. ಪದರ ಅಂದ್ರೆ ಬಣ್ಣ ಮಾತ್ರ ಬೇರೆ, ಸಂದು ಇರಲ್ಲ. ನಿಮ್ದು ಯಾವ್ದು ಅಂತ ತಿಳ್ಕೊಳ್ಳೋದು ಸುಲಭ. ಫೀಲರ್ ಗೇಜ್ (ಸಂದು ಅಳೆಯೋ ತೆಳು ಉಕ್ಕಿನ ಎಲೆಗಳ ಸೆಟ್) ತಗೊಳ್ಳಿ, ಅದ್ರಲ್ಲಿ ಅತಿ ತೆಳು ಎಲೆ 0.05 ಎಂಎಂದು ಇರುತ್ತೆ, ಆ ಗೆರೆ ಮೇಲೆ ಮೆತ್ತಗೆ ಒತ್ತಿ. ಒಳಗೆ ಹೋಗ್ಲಿಲ್ಲ ಅಂದ್ರೆ ಪದರ. ಹೋಯ್ತು ಅಂದ್ರೆ ಅಂಟು ಬಿಟ್ಟಿದೆ, ಆ ಪ್ಯಾಡ್ ಗಾಡಿ ಹತ್ರಾನೂ ತರ್ಬೇಡಿ. ನಾಲ್ಕು ಸಲ ಬ್ರೇಕ್ ಹೊಡೆದ್ರೆ ಅದು ಕೂರಲ್ಲ, ಬಿಸಿ ಆಗ್ತಾ ತಣ್ಣಗಾಗ್ತಾ ಸಂದು ಒಳಗೊಳಗೆ ಬೆಳೆಯುತ್ತೆ, ನೀರು ಹೋಗಿ ಪ್ಲೇಟ್ ತುಕ್ಕು ಹಿಡಿದು ಇನ್ನೂ ಎಬ್ಬಿಸುತ್ತೆ, ಒಂದಿನ ಘಾಟಿ ಮಧ್ಯೆ ಲೈನಿಂಗ್ ಪೂರ್ತಿ ಕಳಚ್ಕೊಂಡು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ. ನಮ್ ಗ್ಯಾರೇಜಿಗೆ ಹಂಗೆ ಬಂದ ಗಾಡಿ ನಾನೇ ಕಣ್ಣಾರೆ ನೋಡಿದೀನಿ. ಪ್ಯಾಡ್ ಹಾಕಿ ಮೂರು ತಿಂಗಳೂ ಆಗಿರಲಿಲ್ಲ.

ಕೇಳಿದ್ರಲ್ಲ, ಇನ್ನೇನು ನೋಡ್ಬೇಕು ಅಂತ. ಮೊದಲ್ನೇದು, ಹಳೇದು ಬಿಚ್ಚಿದ್ಮೇಲೆ ಎಸೀಬೇಡಿ, ಹೊಸದ್ರ ಪಕ್ಕ ಇಡಿ. ಪ್ಲೇಟ್ ಆಕಾರ, ಎರಡು ತುದಿಯ ಕಿವಿ, ಪಿಸ್ಟನ್ ಕೂರೋ ಜಾಗದ ಶಿಮ್ಮು (ತೆಳು ತಗಡು), ಸವೆದಾಗ ಕೂಗೋ ಆ ಸಣ್ಣ ತಗಡು ಯಾವ ಪ್ಯಾಡಲ್ಲಿತ್ತು ಯಾವ ಕಡೆ ಮುಖ ಮಾಡಿತ್ತು, ಎಲ್ಲ ಹೋಲಿಸ್ಬೇಕು. ಬಿಚ್ಚೋ ಮುಂಚೆ ಎರಡೂ ಕಡೆ ಮೊಬೈಲಲ್ಲಿ ಫೋಟೋ ಹೊಡ್ಕೊಳ್ಳಿ.

ಆಮೇಲೆ ಪ್ಯಾಡ್ ಕಿವಿ ಬ್ರಾಕೆಟ್ (ಪ್ಯಾಡ್ ಹಿಡ್ಕೊಳ್ಳೋ ಚೌಕಟ್ಟು) ಒಳಗೆ ಬೆರಳಲ್ಲಿ ತಳ್ಳಿದ್ರೆ ಸರಾಗ ಜಾರ್ಬೇಕು. ಎಷ್ಟೋ ಜನ ಬಿಗಿ ಇದೆ ಅಂತ ಸುತ್ತಿಗೇಲಿ ತಟ್ಟಿ ಕೂರಿಸ್ತಾರೆ, ಆ ಪ್ಯಾಡ್ ವಾಪಸ್ ಬರದೆ ಡಿಸ್ಕಿಗೆ ಅಂಟ್ಕೊಂಡೇ ಓಡುತ್ತೆ, ಚಕ್ರ ಸುಡುತ್ತೆ. ಬಿಗಿ ಇದ್ರೆ ಪ್ಯಾಡ್ ಅರ ಹಾಕೋಕೆ ಮುಂಚೆ ಬ್ರಾಕೆಟ್ ಮೇಲಿರೋ ಸ್ಟೀಲ್ ಕ್ಲಿಪ್ ಎತ್ತಿ ನೋಡಿ, ಕೆಳಗೆ ತುಕ್ಕು ಊದ್ಕೊಂಡು ಕ್ಲಿಪ್ಪನ್ನ ಮೇಲೆತ್ತಿರುತ್ತೆ, ವೈರ್ ಬ್ರಷ್ಷಲ್ಲಿ ಅದನ್ನ ತೆಗೆದ್ರೆ ಹತ್ತಕ್ಕೆ ಎಂಟು ಸಲ ಸರಿ ಹೋಗುತ್ತೆ. ಉಳಿದಿದ್ದು ಪ್ಲೇಟಿನ ಪೇಂಟ್ ದಪ್ಪ ಆಗಿರೋದು.

ಡಿಸ್ಕಿಗೆ ಬಂದ್ರೆ ಹೊರಗಿನ ವ್ಯಾಸ, ದಪ್ಪ, ಮಧ್ಯದ ತೂತು, ಬೋಲ್ಟ್ ತೂತು, ಟೋಪಿ ಥರ ಎದ್ದಿರೋ ಭಾಗದ ಎತ್ತರ. ಈ ಎತ್ತರ ಒಂದೆರಡು ಎಂಎಂ ಬೇರೆ ಆದ್ರೂ ಡಿಸ್ಕು ಕ್ಯಾಲಿಪರ್ (ಪ್ಯಾಡ್ ಒತ್ತೋ ಭಾಗ) ಮಧ್ಯಕ್ಕೆ ಬರಲ್ಲ. ಒಂದೇ ಹೆಸರಿನ ಗಾಡೀಲಿ ಬೇರೆ ಬೇರೆ ವರ್ಷಕ್ಕೆ ಬೇರೆ ಸೈಜ್ ಬಂದಿರುತ್ತೆ, ಡಬ್ಬಿ ಮೇಲಿನ ಹೆಸರನ್ನ ನಂಬ್ಬೇಡಿ, ಅಳತೆ ನಂಬಿ. ಡಿಸ್ಕಿನ ಅಂಚಲ್ಲೋ ಟೋಪಿ ಮೇಲೋ ‘ಮಿನ್ ಟಿಎಚ್’ ಅಂತ ಒಂದು ನಂಬರ್ ಕೊರೆದಿರುತ್ತೆ, ಅದು ಎಸೆಯೋ ದಪ್ಪ, ಹೊಸದ್ರ ದಪ್ಪ ಅಲ್ಲ. ಗಾಳಿ ಆಡೋ ಥರದ ಡಿಸ್ಕ್ ಆದ್ರೆ ಒಳಗಿನ ಸಂದುಗಳಲ್ಲಿ ಟಾರ್ಚ್ ಬಿಟ್ಟು ನೋಡಿ, ಎರಕದ ಮರಳು ಕಚ್ಕೊಂಡು ಒಂದೆರಡು ಕಿಂಡಿ ಮುಚ್ಚಿರುತ್ತೆ ಕೆಲವು ಸಲ.

ಕಾಫಿನಾಡು_ಚಕ್ರ

ಸಾರ್ ತುಂಬಾ ಥ್ಯಾಂಕ್ಸ್. ಪಕ್ಕದ ಬೀದಿ ಲೇತ್ ಅಂಗಡಿಯಿಂದ ಗೇಜ್ ತಂದು ಈಗ ತಾನೇ ನೋಡಿದೆ. ಮೂರು ಪ್ಯಾಡಲ್ಲಿ ಎಲೆ ಒಳಗೆ ಹೋಗೋದೇ ಇಲ್ಲ, ಅಲ್ಲಿ ಬೂದು ಬಣ್ಣದ ಪಟ್ಟಿ ಇದೆ ಅಷ್ಟೇ, ಜೇಸಿರೋಡ್ ಅವ್ರು ಹೇಳಿದ ಪದರ. ನಾಲ್ಕನೇದ್ರಲ್ಲಿ ಮೂಲೆಯಿಂದ ಎಂಟು ಎಂಎಂ ಒಳಗೆ ಹೋಯ್ತು. ಎಲೆ ಮೇಲೆ ಪೆನ್ನಲ್ಲಿ ಗುರುತು ಹಾಕಿ ಸ್ಕೇಲಿಟ್ಟು ಅಳೆದೆ. ಎರಡು ಸಲ ನೋಡಿದೆ. ಕೈ ಸಣ್ಣಗೆ ನಡುಗ್ತು ನಿಜ ಹೇಳ್ಬೇಕಂದ್ರೆ, ಯಾಕಂದ್ರೆ ಹೋದ್ಸಲ ಪ್ಯಾಡ್ ಬದಲಾಯ್ಸಿದಾಗ ಗ್ಯಾರೇಜಲ್ಲಿ ಡಬ್ಬಿ ಬಿಚ್ಚಿದ್ದು ಕೂಡ ನಾನು ನೋಡಿರ್ಲಿಲ್ಲ.

ನೆಕ್ಕರ್_ತೀರ (ಸ್ಟುಟ್‌ಗಾರ್ಟ್)

ನಾನು ಮೂಲ ಹಾಸನದವನು, ಹನ್ನೊಂದು ವರ್ಷದಿಂದ ಜರ್ಮನೀಲಿದೀನಿ. ಇಲ್ಲಿ ಗ್ಯಾರೇಜ್ ಕೂಲಿ ಜಾಸ್ತಿ ಅಂತ ಬ್ರೇಕ್ ಕೆಲಸ ನಾನೇ ಮಾಡ್ಕೋತೀನಿ, ಎರಡು ವರ್ಷಕ್ಕೊಂದ್ಸಲ ಕಡ್ಡಾಯ ತಪಾಸಣೆಗೆ ಗಾಡಿ ಹೋಗುತ್ತಲ್ಲ, ಅಲ್ಲಿ ಎಡಗಡೆ ಬಲಗಡೆ ಬ್ರೇಕ್ ಬಲ ರೋಲರ್ ಮೇಲೆ ಅಳೀತಾರೆ, ತಪ್ಪಿದ್ರೆ ಸಿಕ್ಕಾಕೋತೀವಿ.

ಇಲ್ಲಿ ಪ್ಯಾಡ್ ಹಿಂದಿನ ಪ್ಲೇಟಲ್ಲಿ ಒಂದು ವೃತ್ತದೊಳಗೆ ‘ಇ’ ಅಕ್ಷರ, ಪಕ್ಕ ದೇಶದ ನಂಬರ್, ಆಮೇಲೆ 90ಆರ್ ಅಂತ ಶುರುವಾಗೋ ಸಂಖ್ಯೆ ಇರುತ್ತೆ. 1 ಅಂದ್ರೆ ಜರ್ಮನೀಲಿ ಅಪ್ರೂವ್ ಆಗಿದ್ದು. ವಿಶ್ವಸಂಸ್ಥೆಯ 90ನೇ ರೆಗ್ಯುಲೇಷನ್ ಅದು, ಬದಲಿ ಪ್ಯಾಡಿನ ಹಿಡಿತ ಒರಿಜಿನಲ್ ಪ್ಯಾಡಿಗಿಂತ ಶೇಕಡಾ 15ಕ್ಕಿಂತ ಆಚೀಚೆ ಹೋಗ್ಬಾರ್ದು ಅನ್ನೋದು ಅದ್ರ ಮುಖ್ಯ ಷರತ್ತು. ಜಾಸ್ತಿ ಹಿಡಿದ್ರೂ ತಪ್ಪೇ, ಯಾಕಂದ್ರೆ ಮುಂದೆ ಹಿಂದೆ ಬ್ರೇಕಿನ ಹಂಚಿಕೆ ಕೆಡುತ್ತೆ. ಡಬ್ಬೀನೂ ಸೀಲ್ ಆಗಿರ್ಬೇಕು, ಒಂದ್ಸಲ ತೆಗೆದ್ರೆ ತೆಗೆದಿದಾರೆ ಅಂತ ಗೊತ್ತಾಗೋ ಥರ. ನಮ್ ಕಡೆ ಈ ಗುರುತು ಕಡ್ಡಾಯ ಅಲ್ಲ, ಆದ್ರೆ ಹೊರದೇಶಕ್ಕೂ ಮಾರೋ ಕಂಪ್ನಿಗಳ ಪ್ಯಾಡಲ್ಲಿ ಇರುತ್ತೆ, ಸಿಕ್ರೆ ಒಳ್ಳೇದು. ಊರಿಗೆ ಬಂದಾಗ ಅಣ್ಣನ ಗಾಡಿಗೆ ತಗೊಳ್ಳೋವಾಗ ನಾನು ಡಬ್ಬಿ ಸೀಲ್ ನೋಡೇ ನೋಡ್ತೀನಿ. ಒಂದ್ಸಲ ಅಂಟಿಸಿ ತೆಗೆದು ಮತ್ತೆ ಅಂಟಿಸಿದ ಡಬ್ಬಿ ಕೊಟ್ರು, ಒಳಗೆ ಮೂರು ಪ್ಯಾಡ್ ಒಂದು ಬ್ಯಾಚು, ಒಂದು ಪ್ಯಾಡ್ ಬೇರೆ ಬ್ಯಾಚು. ಪ್ಲೇಟ್ ಮೇಲಿನ ನಂಬರ್ ಓದಿದ್ದಕ್ಕೆ ಗೊತ್ತಾಯ್ತು.

ಜೇಸಿರೋಡ್_ಗಿರಾಕಿ

ಎಂಟು ಎಂಎಂ ಒಳಗೆ ಹೋಯ್ತಾ? ಹಾಗಾದ್ರೆ ನನ್ ಮಾತು ವಾಪಸ್ ತಗೋತೀನಿ, ಅದನ್ನ ಹಾಕ್ಬೇಡಿ. ಫಿಟ್ ಮಾಡೋ ಮುಂಚೆ ಆದ್ರೆ ಅಂಗಡಿಯವ್ರು ಬದಲಾಯ್ಸಿ ಕೊಡ್ತಾರೆ, ಒಂದ್ಸಲ ಗಾಡೀಲಿ ಕೂತು ಡಿಸ್ಕಿಗೆ ಉಜ್ಜಿದ ಗುರುತು ಬಿತ್ತು ಅಂದ್ರೆ ಯಾರೂ ಮುಟ್ಟಲ್ಲ. ಇದೊಂದು ಕಾರಣಕ್ಕಾದ್ರೂ ಮನೇಲೇ ನೋಡೋದು ಒಳ್ಳೇದು, ಇದನ್ನ ನಾನು ಒಪ್ತೀನಿ.

ಡಬ್ಬಿ ಬಗ್ಗೆ ಒಂದು ಮಾತು ಸೇರಿಸ್ತೀನಿ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಪ್ರಕಾರ ಡಬ್ಬಿ ಮೇಲೆ ಎಂಆರ್‌ಪಿ, ತಯಾರಿಸಿದ ತಿಂಗಳು ವರ್ಷ, ತಯಾರಕರ ಅಥವಾ ಆಮದು ಮಾಡಿದವ್ರ ವಿಳಾಸ, ದೂರು ಕೊಡೋ ನಂಬರ್ ಇರ್ಲೇಬೇಕು. ನಕಲಿ ಮಾಲಲ್ಲಿ ಇದ್ರಲ್ಲೇ ಏನೋ ಒಂದು ಎಡವಟ್ಟಾಗಿರುತ್ತೆ, ಊರಿನ ಹೆಸರಿನ ಸ್ಪೆಲಿಂಗ್ ತಪ್ಪು, ಇಲ್ಲಾ ಡಬ್ಬಿ ಮೇಲಿನ ಪಾರ್ಟ್ ನಂಬರ್ ಒಂದು ಒಳಗಿನ ಪ್ಲೇಟಿನದು ಇನ್ನೊಂದು. ಇನ್ನು ಪ್ಯಾಡಿನ ಅಂಚಲ್ಲಿ ಉದ್ದ ಕೋಡ್ ಇರುತ್ತಲ್ಲ, ಅದ್ರ ಕೊನೇಲಿ ಎಫ್‌ಎಫ್, ಜಿಜಿ ಅಂತ ಎರಡಕ್ಷರ ನೋಡಿ. ಮೊದಲ್ನೇದು ಮಾಮೂಲಿ ಶಾಖದಲ್ಲಿ ಹಿಡಿತ, ಎರಡನೇದು ಚೆನ್ನಾಗಿ ಕಾದ್ಮೇಲೆ ಹಿಡಿತ. ಘರ್ಷಣೆ ಗುಣಾಂಕದ ಲೆಕ್ಕದಲ್ಲಿ ಇ ಅಂದ್ರೆ 0.25ರಿಂದ 0.35, ಎಫ್ ಅಂದ್ರೆ 0.35ರಿಂದ 0.45, ಜಿ ಅಂದ್ರೆ 0.45ರಿಂದ 0.55. ಘಾಟಿಗೆ ಹೋಗೋರು ಎರಡನೇ ಅಕ್ಷರಾನೇ ನೋಡ್ಬೇಕು. ಆದ್ರೆ ಅದು ಹಿಡಿತದ ಲೆಕ್ಕ ಮಾತ್ರ, ಬಾಳಿಕೆ ಬಗ್ಗೆ ಅದು ಏನೂ ಹೇಳಲ್ಲ, ಅಂಟು ಗಟ್ಟಿ ಇದ್ಯಾ ಅಂತಾನೂ ಹೇಳಲ್ಲ.

ಗಾಡಿ_ಮಾಲಕ (ಹುಬ್ಬಳ್ಳಿ)

ನಾನೂ ಒಂದ್ ಮಾತ ಹೇಳ್ತೀನ್ರಿ. ನಮ್ಮವು ಎರಡು ಹತ್ತು ಚಕ್ರದ ಲಾರಿ ಅದಾವ, ಹುಬ್ಬಳ್ಳಿ ಅಂಕೋಲಾ ಲೈನ್‌ಗೆ ಓಡ್ತಾವ, ಯಲ್ಲಾಪುರ ದಾಟಿದ್ರ ಅರಬೈಲ್ ಘಾಟ. ಲೋಡ್ ಇದ್ದಾಗ ಆ ಇಳಿಜಾರದಾಗ ಬ್ರೇಕ್ ಅಂದ್ರ ಡ್ರೈವರನ ಜೀವ ಅದರಾಗ ಇರ್ತೈತಿ.

ಲಾರಿ ಡ್ರಮ್ ಬ್ರೇಕಿನ ಶೂಕ್ಕ ಲೈನರ್ ರಿವೆಟ್ ಹೊಡೆದು ಕೂರಸ್ತಾರ. ನಾವು ಹೊಸ ಲೈನರ್ ಕಟ್ಟಿಸ್ಕೊಂಡು ಬಂದ್ರ ಶೂ ಕೈಯಾಗ ಹಿಡದು ಮೊದಲ ರಿವೆಟ್ ತಲಿ ನೋಡ್ತೀವಿ. ತಲಿ ಲೈನರ್ ಒಳಗ ಆಳಕ್ಕ ಕೂತಿರಬೇಕು, ಮ್ಯಾಲ ಇತ್ತಂದ್ರ ಡ್ರಮ್ ಕೆರೀತೈತಿ. ಎಲ್ಲಾ ತೂತಿನಾಗೂ ರಿವೆಟ್ ಐತೋ ಇಲ್ಲೋ ಎಣಸ್ತೀವಿ. ಲೈನರಿಗೂ ಶೂ ತಗಡಿಗೂ ನಡುವ ತೆಳು ಬ್ಲೇಡ್ ಹೋಗಬಾರದು, ಹೋತಂದ್ರ ಶೂನ ಬಾಗೇತಿ ಅಂತ ಅರ್ಥ, ಹಳೇ ಶೂಕ್ಕ ಹೊಸ ಲೈನರ್ ಹಾಕಿದಾಗ ಇದು ಭಾಳ ಆಗ್ತೈತಿ. ಡ್ರಮ್ ಹೊಸಾದಾದ್ರೂ ಕಟ್ಟಿಗಿ ಮ್ಯಾಲ ಎತ್ತಿ ಇಟ್ಟು ಸಣ್ಣ ಸುತ್ತಿಗಿಲೆ ತಟ್ಟಿ ಕೇಳ್ರಿ, ಗಂಟಿ ಹಂಗ ಠಣ್ ಅಂತ ನಿಂತು ಬಾರಿಸಬೇಕು. ಒಡಕ ಮಡಕಿ ಹಂಗ ಸಪ್ಪಳ ಬಂದ್ರ ಬಿರುಕು ಐತಿ, ಕಣ್ಣಿಗೆ ಕಾಣಲಿಕ್ಕಿಲ್ಲ.

ಎರಡು ವರ್ಷದ ಹಿಂದ ನಮಗ ಆದ ಪೆಟ್ಟು ಹೇಳ್ತೀನಿ. ಮುಂದಿನ ಆಕ್ಸಲ್‌ಗೆ ಎಡಕ್ಕ ಒಂದು ಥರದ ಲೈನರ್, ಬಲಕ್ಕ ಇನ್ನೊಂದು ಥರದ್ದು ಹಾಕಿ ಕಳಸಿದ್ರು, ಸ್ಟಾಕ್ ಇರ್ಲಿಲ್ಲಂತ. ಅಳತಿ ಒಂದ, ಬಣ್ಣನೂ ಒಂದ, ಅಂಚಿನ ಕೋಡ್ ಬ್ಯಾರೆ. ಯಾರೂ ಓದಲಿಲ್ಲ. ಒಣಾ ರಸ್ತೇದಾಗ ಗೊತ್ತಾಗಲಿಲ್ಲ, ಮಳಿ ಬಿದ್ದ ದಿನ ಬ್ರೇಕ್ ಒತ್ತಿದ್ರ ಗಾಡಿ ಸೀದಾ ಎಡಕ್ಕ ಎಳೀತು, ಚರಂಡಿಗೆ ಇಳದು ನಿಂತಿತು. ಯಾರಿಗೂ ಏನೂ ಆಗ್ಲಿಲ್ಲ, ದೇವರು ದೊಡ್ಡಾವ. ಅವತ್ತಿನಿಂದ ಒಂದ ಆಕ್ಸಲ್ಲಿನ ಎರಡೂ ಕಡೆ ಕೋಡ್ ನಾನ ನಿಂತು ಓದಿ, ಡೈರಿದಾಗ ಬರಕೊಂಡ ಮ್ಯಾಲನ ಡ್ರಮ್ ಮುಚ್ಚಾಕ ಬಿಡ್ತೀನಿ. ಕಾರಿನವರೂ ನಾಲ್ಕೂ ಪ್ಯಾಡಿನ ಕೋಡ್ ಓದ್ರಿ, ಐದು ನಿಮಿಷದ ಕೆಲಸ.

ಮತ್ತ ಹಳೇ ಡ್ರಮ್ ಬಿಚ್ಚಿದಾಗ ಧೂಳನ್ನ ಗಾಳಿ ಪೈಪ್ ಹಿಡದು ಊದಬ್ಯಾಡ್ರಿ. ಹಳೇ ಲೈನರದಾಗ ಆಸ್ಬೆಸ್ಟಾಸ್ ಇರಬಹುದು, ಒದ್ದಿ ಅರಬಿಲೆ ಒರಸಿ ಆ ಅರಬಿ ಎಸೀರಿ. ನಮ್ಮ ಹುಡುಗ್ರಿಗೆ ಇದನ್ನ ಎಷ್ಟ ಸಲ ಹೇಳಿದ್ರೂ ಸಾಲೂದಿಲ್ಲ.

ಕರಾವಳಿ_ಸವಾರ (ಮಂಗಳೂರು)

ಬೈಕಿನವರ ಕಡೆಯಿಂದ ಸ್ವಲ್ಪ ಹೇಳ್ತೇನೆ, ಯಾಕೆಂದ್ರೆ ಪ್ಯಾಡ್ ಡಿಸ್ಕ್ ಎಲ್ಲರೂ ನೋಡ್ತಾರೆ, ಹೋಸ್ ಮತ್ತು ಎಣ್ಣೆ ಯಾರೂ ನೋಡುವುದಿಲ್ಲ ಮಾರಾಯ್ರೆ. ಕಳೆದ ವರ್ಷ ನಾನು ಮುಂದಿನ ಬ್ರೇಕಿನ ರಬ್ಬರ್ ಹೋಸ್ ಹೊಸತು ತಂದೆ. ಹೋಸ್ ಮೇಲೆ ತಯಾರಾದ ದಿನಾಂಕ ಪ್ರಿಂಟ್ ಉಂಟು, ಅಂಗಡಿಯಲ್ಲಿ ಆರು ವರ್ಷ ಕೂತದ್ದು. ಬಗ್ಗಿಸಿ ನೋಡಿದ್ರೆ ಮೇಲ್ಗಡೆ ಸಣ್ಣ ಸಣ್ಣ ಬಿರುಕು. ಹೊಸತು ಅಂತ ದುಡ್ಡು ಕೊಟ್ಟದ್ದು, ಆದ್ರೆ ರಬ್ಬರಿಗೆ ವಯಸ್ಸಾಗಿ ಹೋಗಿತ್ತು. ಬದಲಾಯಿಸಿ ತಂದೆ. ಹಾಕುವಾಗ ಹೋಸಿನ ಉದ್ದಕ್ಕೆ ಒಂದು ಗೆರೆ ಇದ್ರೆ ಅದು ನೇರ ಇರಬೇಕು, ಸುತ್ತಿಕೊಂಡಿದ್ರೆ ಹೋಸ್ ತಿರುಚಿದೆ ಅಂತ. ತಾಮ್ರದ ವಾಷರ್ ಹಳೆಯದು ಹಾಕಬೇಡಿ.

ಬ್ರೇಕ್ ಎಣ್ಣೆ ಡಬ್ಬಿಯ ಬಾಯಿಯ ಸೀಲ್ ಒಡೆದಿರಬಾರದು. ಡಾಟ್ 3 ದರ್ಜೆಯ ಎಣ್ಣೆ ಹೊಸತಿರುವಾಗ 205 ಡಿಗ್ರಿಗೆ ಕುದಿಯುತ್ತದೆ, ಶೇಕಡಾ 3.7ರಷ್ಟು ನೀರು ಹೀರಿದ್ರೆ 140ಕ್ಕೇ ಕುದಿಯಬಹುದು. ಡಾಟ್ 4ಕ್ಕೆ 230, ನೀರು ಸೇರಿದ ಮೇಲೆ 155. ಇದು ಸ್ಟ್ಯಾಂಡರ್ಡ್ ಹೇಳುವ ಕನಿಷ್ಠ ಲೆಕ್ಕ. ನಮ್ಮ ಕರಾವಳಿಯ ತೇವದಲ್ಲಿ ತೆರೆದಿಟ್ಟ ಡಬ್ಬಿ ಎಷ್ಟು ಬೇಗ ನೀರು ಹೀರ್ತದೆ ಅಂತ ಹೇಳ್ಬೇಕಾಗಿಲ್ಲ. ಮೆಕ್ಯಾನಿಕ್ ಶೆಲ್ಫಿನಲ್ಲಿ ಅರ್ಧ ಉಳಿದದ್ದನ್ನು ಸುರಿಯುವುದಾದ್ರೆ ಬೇಡ ಅಂತ ಹೇಳಿ, ಹೊಸ ಸಣ್ಣ ಡಬ್ಬಿ ನಿಮ್ಮ ಎದುರೇ ತೆರೆಸಿ.

ಮತ್ತೊಂದು, ಕ್ಯಾಲಿಪರ್ ಬದಲಾಯಿಸುವವರಿಗೆ. ಏರ್ ತೆಗೆಯುವ ನಿಪ್ಪಲ್ ಮೇಲ್ಗಡೆ ಬರಬೇಕು. ನನ್ನ ಗೆಳೆಯನ ಕಾರಿಗೆ ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಹಾಕಿದ್ರು, ಬೋಲ್ಟ್ ಎಲ್ಲ ಸರಿಯಾಗಿ ಕೂತಿತ್ತು, ನಿಪ್ಪಲ್ ಮಾತ್ರ ಕೆಳಗೆ. ಗಾಳಿ ಮೇಲೆ ಉಳಿಯುತ್ತದಲ್ಲ, ಎರಡು ಲೀಟರ್ ಎಣ್ಣೆ ಖಾಲಿ ಮಾಡಿದ್ರೂ ಪೆಡಲ್ ಸ್ಪಂಜಿನ ಹಾಗೆ. ಕೈಯಲ್ಲಿ ಹಿಡಿದಾಗಲೇ ನೋಡಿದ್ರೆ ಒಂದು ನಿಮಿಷದಲ್ಲಿ ಗೊತ್ತಾಗ್ತಿತ್ತು.

ಕಾಫಿನಾಡು_ಚಕ್ರ, ಸೋಮವಾರ

ಎಲ್ರೂ ಇಷ್ಟು ಸಮಯ ಕೊಟ್ಟು ಬರೆದಿದ್ದಕ್ಕೆ ಏನು ಹೇಳ್ಬೇಕೋ ತಿಳೀತಿಲ್ಲ. ಆಗಿದ್ದನ್ನ ಹೇಳ್ತೀನಿ.

ಶುಕ್ರವಾರ ಅಂಗಡಿಗೆ ಹೋದೆ, ಗೇಜ್ ಜೊತೇಲೇ ತಗೊಂಡು ಹೋಗಿದ್ದೆ. ಮೊದ್ಲು ಬೇಡ ಅಂದ್ರು, ಕೌಂಟರ್ ಮೇಲೆ ಇಟ್ಟು ಎಲೆ ಒಳಗೆ ತಳ್ಳಿ ತೋರಿಸಿದ್ಮೇಲೆ ಮಾತಾಡ್ಲಿಲ್ಲ, ಬೇರೆ ಸೆಟ್ ಕೊಟ್ರು. ಅಲ್ಲೇ ನಿಂತು ನಾಲ್ಕನ್ನೂ ನೋಡಿದೆ, ಕೋಡ್ ಓದಿದೆ, ನಾಲ್ಕೂ ಒಂದೇ ಬ್ಯಾಚು, ಎಫ್‌ಎಫ್.

ಡಿಸ್ಕ್ ಅಳತೆ ಎಲ್ಲ ಸರಿ ಬಂತು, ಮೈಕ್ರೋಮೀಟರಲ್ಲಿ ಸುತ್ತ ಎಂಟು ಕಡೆ ಹಿಡಿದೆ, 0.01 ಎಂಎಂಗಿಂತ ವ್ಯತ್ಯಾಸ ಬರ್ಲಿಲ್ಲ. ಹಳೇ ಡಿಸ್ಕನ್ನ ವರ್ನಿಯರಲ್ಲಿ ಅಳೆಯೋಕೆ ಹೋಗಿ ಮೊದ್ಲು ಮೋಸ ಹೋದೆ, ಅದ್ರ ದವಡೆ ಅಂಚಿನ ಏಣಿನ ಮೇಲೆ ಕೂತು ಇನ್ನೂ ದಪ್ಪ ಇದೆ ಅಂತ ತೋರಿಸ್ತು, ಮೈಕ್ರೋಮೀಟರ್ ಒಳಗೆ ಇಟ್ಟು ನೋಡಿದ್ರೆ ಎಸೆಯೋ ದಪ್ಪಕ್ಕಿಂತ ಕೆಳಗೆ ಹೋಗಿತ್ತು. ಹೊಸ ಡಿಸ್ಕ್ ಮೇಲೆ ತುಕ್ಕು ಹಿಡೀದಿರ್ಲಿ ಅಂತ ಎಣ್ಣೆ ಸವರಿರ್ತಾರೆ, ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಬಿಳಿ ಬಟ್ಟೇಲಿ ಒರೆಸಿದೆ, ಬಟ್ಟೆಗೆ ಕಪ್ಪು ಅಂಟೋದು ನಿಲ್ಲೋವರ್ಗೂ. ಸೀಮೆಎಣ್ಣೆ ಡೀಸೆಲ್ ಮುಟ್ಟಿಸ್ಲಿಲ್ಲ.

ಆಮೇಲೆ ಲೇತ್ ಅಂಗಡಿಯವ್ರು ಡಯಲ್ ಗೇಜನ್ನೂ (ಓಲಾಟ ಅಳೆಯೋ ಮುಳ್ಳಿನ ಮೀಟರ್) ಕೊಟ್ಟಿದ್ರು, ಡಿಸ್ಕ್ ಹಾಕಿ ವೀಲ್ ನಟ್ ಬಿಗಿ ಮಾಡಿ ತಿರುಗಿಸಿ ನೋಡಿದ್ರೆ ಎಡಗಡೆ 0.14 ಎಂಎಂ ಓಲಾಟ. ನನ್ನ ಗಾಡಿ ಮ್ಯಾನ್ಯುಯಲಲ್ಲಿ 0.10 ಮಿತಿ. ಡಿಸ್ಕೇ ಸೊಟ್ಟ ಅಂತ ಬೈಕೊಂಡು ಬಿಚ್ಚಿದೆ. ಬಿಚ್ಚಿ ನೋಡಿದ್ರೆ ಹಬ್ (ಡಿಸ್ಕ್ ಕೂರೋ ಭಾಗ) ಮುಖದ ಮೇಲೆ ಒಂದು ಬೋಲ್ಟ್ ಪಕ್ಕ ತುಕ್ಕಿನ ಚಕ್ಕೆ, ಅಕ್ಕಿ ಕಾಳಿನಷ್ಟೂ ಇಲ್ಲ. ವೈರ್ ಬ್ರಷ್, ಎಮೆರಿ ಹಾಕಿ ಕಬ್ಬಿಣ ಹೊಳೆಯೋ ಥರ ಮಾಡಿ ಮತ್ತೆ ಹಾಕಿದೆ, 0.04ಕ್ಕೆ ಇಳೀತು. ಅಷ್ಟು ಸಣ್ಣ ಚಕ್ಕೆ ಡಿಸ್ಕಿನ ಅಂಚಲ್ಲಿ ಅಷ್ಟು ಓಲಾಡ್ಸುತ್ತೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ.

ಒಂದು ಕಿವಿ ಬಿಗಿ ಇತ್ತು, ಸ್ಪ್ಯಾನರ್ ಸಾರ್ ಹೇಳಿದ ಹಾಗೇ ಕ್ಲಿಪ್ ಕೆಳಗೆ ತುಕ್ಕು. ಈಗ ಬೆರಳಲ್ಲಿ ಜಾರುತ್ತೆ.

ಸ್ಪ್ಯಾನರ್_14

ತುಂಬಾ ಖುಷಿ ಆಯ್ತು ಓದಿ. ಹಬ್ ತುಕ್ಕು ಹಂಗೇ ಬಿಟ್ಟಿದ್ರೆ ಇವತ್ತು ಏನೂ ಗೊತ್ತಾಗ್ತಿರ್ಲಿಲ್ಲ. ಡಿಸ್ಕ್ ತಿರುಗಿದಾಗೆಲ್ಲ ಒಂದೇ ಜಾಗ ಪ್ಯಾಡಿಗೆ ತಾಗಿ ತಾಗಿ ಕೆಲವು ಸಾವಿರ ಕಿಲೋಮೀಟರ್ ಆದ್ಮೇಲೆ ಅಲ್ಲಿ ಮಾತ್ರ ತೆಳು ಆಗುತ್ತೆ, ಆಗ ಬ್ರೇಕ್ ಒತ್ತಿದ್ರೆ ಸ್ಟೀರಿಂಗ್ ನಡುಗುತ್ತೆ, ಜನ ಬಂದು ಡಿಸ್ಕ್ ಬೆಂಡ್ ಆಗಿದೆ, ಕಂಪ್ನಿ ಸರಿ ಇಲ್ಲ ಅಂತಾರೆ. ಹೊಸ ಡಿಸ್ಕಿನ ಮೇಲೆ ಬರೋ ದೂರಲ್ಲಿ ಎಷ್ಟೋ ಹಬ್ಬಿನ ಕಸದ್ದೇ.

ಒಂದು ಕೇಳ್ಬೇಕಿತ್ತು. ಪಿಸ್ಟನ್ ಹಿಂದಕ್ಕೆ ತಳ್ಳಿರ್ತೀರ, ಗಾಡಿ ತೆಗೆಯೋ ಮುಂಚೆ ಪೆಡಲ್ ಗಟ್ಟಿ ಆಗೋವರ್ಗೂ ಒತ್ತಿದ್ರಾ? ಅದನ್ನ ಮರೆತು ರಿವರ್ಸ್ ಹಾಕಿ ಕಾಂಪೌಂಡ್ ಗೋಡೆಗೆ ಹೊಡೆದೋರು ಇದಾರೆ. ಮತ್ತೆ ಹಿಂದಿನ ಡ್ರಮ್ ಶೂ ಯಾವಾಗ? 92 ಸಾವಿರ ಅಂದ್ರೆ ಅದನ್ನೂ ನೋಡ್ಲೇಬೇಕು. ಡ್ರಮ್ ಒಳಗೆ ಗರಿಷ್ಠ ವ್ಯಾಸ ಬರೆದಿರುತ್ತೆ. ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿ ಒಳಗೆ ಒದ್ದೆ ಇದ್ಯಾ ನೋಡಿ, ಒದ್ದೆ ಇದ್ರೆ ಹೊಸ ಶೂ ಹಾಕಿ ಪ್ರಯೋಜನ ಇಲ್ಲ, ಎಣ್ಣೆ ಕುಡಿದ ಲೈನಿಂಗ್ ಮತ್ತೆ ಸರಿ ಹೋಗಲ್ಲ.

ಕಾಫಿನಾಡು_ಚಕ್ರ

ಒತ್ತಿದೆ ಸಾರ್, ಮೊದಲ ನಾಲ್ಕೈದು ಸಲ ನೆಲಕ್ಕೇ ಹೋಯ್ತು, ಆಮೇಲೆ ಗಟ್ಟಿ ಆಯ್ತು. ಮೂಡಿಗೆರೆ ರೋಡಲ್ಲಿ ಗಾಡಿ ಇಲ್ಲದ ಹೊತ್ತು ನೋಡಿ ಅರವತ್ತರಿಂದ ಇಪ್ಪತ್ತಕ್ಕೆ ಮೆತ್ತಗೆ ಇಳಿಸ್ತಾ, ಹೊಸ ಪ್ಯಾಡ್ ಡಿಸ್ಕಿಗೆ ಹೊಂದ್ಕೊಳ್ಳಲಿ ಅಂತ ಮೂವತ್ತು ಸಲ ಮಾಡಿದೆ, ಮಧ್ಯೆ ಮಧ್ಯೆ ತಣ್ಣಗಾಗೋಕೆ ಬಿಟ್ಟು. ನಿನ್ನೆ ಚಾರ್ಮಾಡಿ ಇಳಿದು ಬಂದ್ವಿ, ಎರಡನೇ ಗೇರಲ್ಲೇ. ಕೆಳಗೆ ಚೆಕ್‌ಪೋಸ್ಟ್ ಹತ್ರ ನಿಲ್ಸಿ ಎರಡೂ ಮುಂದಿನ ಚಕ್ರದ ಹತ್ರ ಕೈ ಹಿಡಿದೆ, ಶಾಖ ಎರಡೂ ಕಡೆ ಒಂದೇ ಥರ ಇತ್ತು.

ಹಿಂದಿನ ಶೂ ತಂದಾಯ್ತು, ಬರೋ ಭಾನುವಾರ ಬಿಚ್ತೀನಿ. ಡಬ್ಬಿ ಮಾತ್ರ ನಿನ್ನೆ ರಾತ್ರಿನೇ ಬಿಚ್ಚಿ ನೋಡಿದೆ. ಹ್ಯಾಂಡ್‌ಬ್ರೇಕ್ ಲಿವರ್ ಪಿನ್ನಿನ ತೂತು ಎರಡು ಶೂನಲ್ಲಿದೆ, ಎರಡರಲ್ಲಿಲ್ಲ, ಎಡ ಬಲ ಬೇರೆ ಬೇರೆ ಅಂತ ಕಾಣ್ತಿದೆ. ಶೂ ಸಡಿಲ ಬಿಗಿ ಮಾಡೋ ಅಡ್ಜಸ್ಟರ್ ಸ್ಕ್ರೂ ಮರೆ (ಥ್ರೆಡ್) ಕೂಡ ಒಂದು ಎಡಕ್ಕೆ ತಿರುಗುತ್ತೆ, ಒಂದು ಬಲಕ್ಕೆ. ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ ಬಿಚ್ಚೋದು ಸರಿ ಅಲ್ವಾ ಸಾರ್, ಎರಡೂ ಒಟ್ಟಿಗೆ ಬಿಚ್ಚಿದ್ರೆ ನೋಡ್ಕೊಳ್ಳೋಕೆ ಏನೂ ಉಳಿಯಲ್ಲ?

ಸ್ಪ್ಯಾನರ್_14

ಹೌದು, ಒಂದೊಂದೇ ಕಡೆ. ಬಿಚ್ಚದೇ ಇರೋ ಕಡೇನೇ ನಿಮ್ಮ ಫೋಟೋ ಅಂದ್ಕೊಳ್ಳಿ, ಆದ್ರೆ ಅದು ಕನ್ನಡೀಲಿ ನೋಡಿದ ಹಾಗೆ ತಿರುಗಾ ಮುರುಗಾ ಇರುತ್ತೆ, ಅದು ನೆನಪಿರ್ಲಿ. ಅಡ್ಜಸ್ಟರ್ ಎರಡಕ್ಕೂ ಪೇಂಟಲ್ಲಿ ‘ಎ’ ‘ಬ’ ಅಂತ ಬರೆದಿಟ್ಕೊಳ್ಳಿ. ಶನಿವಾರ ಶೂ ಫೋಟೋ ಹಾಕಿ, ನೋಡಿ ಹೇಳ್ತೀನಿ.